ಎಡಕ್ಕೆ ವಾಲಿದ ವಿಮಾನ

ನಾನು ಕಂಪ್ಯೂಟರಿನ ಪರದೆಯ ಮೇಲೆ ವಿಮಾನ ಹಾರಿಸುವ ಹಿಡಿಕೆ. ಅಂಗಡಿಯವರು ಜಾಯ್‌ಸ್ಟಿಕ್ ಎನ್ನುತ್ತಾರೆ. ಬಹುಕಾಲ ನಾನಿದ್ದ ಮನೆಯಲ್ಲಿ ನನ್ನನ್ನು ‘ಗೇರು’ ಎಂದು ಕರೆಯುತ್ತಿದ್ದರು.

ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ ನನ್ನ ಹುಟ್ಟು. ಕಪ್ಪು ಪ್ಲಾಸ್ಟಿಕ್ಕಿನ ಎರಡು ಹೋಳುಗಳನ್ನು ಕೂಡಿಸಿ ಹಿಡಿಕೆ ಮಾಡಿದರು, ಅಗಲವಾದ ಪೀಠದ ಮೇಲೆ ನಿಲ್ಲಿಸಿದರು. ಕೈಬಿಟ್ಟ ಕೂಡಲೇ ನೆಟ್ಟಗೆ ನಿಲ್ಲಲಿ ಎಂದು ಬುಡಕ್ಕೊಂದು ದಪ್ಪ ಸ್ಪ್ರಿಂಗ್ ಹಾಕಿದರು. ಪೀಠದೊಳಗೆ ಹಳೆಯ ರೇಡಿಯೋದ ಕಿವಿಗಳಂಥ ಎರಡು ತಿರುಗುಣಿಗಳಿವೆ. ನಾನು ಎಡಕ್ಕೆ ಬಾಗಿದೆನೋ ಬಲಕ್ಕೋ ಎಂದು ಒಂದು ಹೇಳುತ್ತದೆ, ಮುಂದಕ್ಕೋ ಹಿಂದಕ್ಕೋ ಎಂದು ಇನ್ನೊಂದು. ಅವು ಹೇಳಿದ್ದನ್ನು ಕಂಪ್ಯೂಟರು ಹಾಗೆಯೇ ನಂಬುತ್ತದೆ. ನನ್ನ ಮೈಯ ಉಬ್ಬುತಗ್ಗುಗಳೆಲ್ಲ ಬಲಗೈಯ ಬೆರಳುಗಳ ಲೆಕ್ಕಕ್ಕೆ ತಕ್ಕಂತಿವೆ. ಎಡಗೈಯವರಿಗೆ ನಾನು ಒಗ್ಗುವುದಿಲ್ಲ.

ಮೊದಲು ನಾನು ಬೆಳಗಾವಿಯ ವಿಕ್ರಾಂತನ ಮನೆಗೆ ಹೋದೆ. ಪೈಲಟ್ ಆಗಬೇಕೆಂದು ಓದುತ್ತಿದ್ದವನು. ಒಂದು ಬೇಸಿಗೆಯೆಲ್ಲ ನನ್ನನ್ನು ಬಿಡದೆ ಅಭ್ಯಾಸ ಮಾಡಿದ. ಆಮೇಲೆ ನಿಜವಾದ ವಿಮಾನವೇ ಸಿಕ್ಕಿತು, ನನ್ನ ಗೊಡವೆ ಬೇಕಾಗಲಿಲ್ಲ. ಅದರಲ್ಲಿ ಬೇಸರಪಡುವಂಥದ್ದೇನಿಲ್ಲ. ಅವರು ಮನೆ ಬದಲಿಸುವಾಗ ನಾನು ಹುಬ್ಬಳ್ಳಿಯ ಒಂದು ಹಳೆಯ ಕಂಪ್ಯೂಟರ್ ಸಾಮಾನಿನ ಅಂಗಡಿ ಸೇರಿದೆ. ಅಲ್ಲಿ ಕೀಬೋರ್ಡುಗಳ ರಾಶಿಯ ಮೇಲೆ ಧೂಳು ಕುಡಿಯುತ್ತ ಕೂತಿದ್ದೆ.

ನಿರ್ಮಲಾ ಬಂದದ್ದು ಅಲ್ಲಿಗೆ. ಎಂಜಿನಿಯರೊಬ್ಬರ ಆಫೀಸಿನಲ್ಲಿ ಮನೆಗಳ ನಕ್ಷೆ ಬರೆಯುವ ಹುಡುಗಿ. ನನ್ನನ್ನು ಕೈಗೆತ್ತಿಕೊಂಡವಳು ದರ ಕೇಳಲಿಲ್ಲ. “ಇದು ಬಲಗೈಗೆ ಮಾಡಿದ್ದೇನ್ರಿ?” ಎಂದು ಕೇಳಿದಳು. ಹೌದು ಎಂದ ಮೇಲೆಯೇ ಚೀಲ ತೆರೆದದ್ದು.

ಅವಳ ಅಪ್ಪ ದ್ಯಾಮಣ್ಣ ಕಮಡೊಳ್ಳಿ ಹುಬ್ಬಳ್ಳಿಯಿಂದ ಕಾರವಾರಕ್ಕೆ ಬಸ್ಸು ಓಡಿಸುತ್ತಿದ್ದವರು. ಅರಬೈಲ್ ಘಟ್ಟದ ತಿರುವುಗಳನ್ನೆಲ್ಲ ಬಲ್ಲವರು. ನಿವೃತ್ತಿಯ ಮುಂಚಿನ ವರ್ಷ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಕಾಲು ಬೇಗ ಸುಧಾರಿಸಿತು, ಕೈ ಸುಧಾರಿಸಲಿಲ್ಲ. ವ್ಯಾಯಾಮ ಮಾಡಿಸುವ ಫಿಜಿಯೋಥೆರಪಿಸ್ಟ್ ಇರ್ಫಾನ್ ಹಿಸುಕಲು ರಬ್ಬರ್ ಚೆಂಡು ಕೊಟ್ಟಿದ್ದರು. ಕೂಸಿಗೆ ಕೊಟ್ಟ ಹಾಗೆ ತನಗೆ ಚೆಂಡು ಕೊಟ್ಟಿದ್ದಾರೆ ಎಂದು ದ್ಯಾಮಣ್ಣನವರು ಅದನ್ನು ದಿಂಬಿನ ಕೆಳಗೆ ತುರುಕಿಬಿಟ್ಟಿದ್ದರು. ಅವರಿಗೆ ಮನಸ್ಸು ಬರುವಂಥದ್ದೇನಾದರೂ ಕೈಗೆ ಕೊಡಿ, ಇಲ್ಲದಿದ್ದರೆ ಕೈ ಮರಗಟ್ಟುತ್ತದೆ ಎಂದು ಇರ್ಫಾನ್ ಎಚ್ಚರಿಸಿದ್ದರಂತೆ. ನಾನು ಆ ಮನೆಗೆ ಹೋದದ್ದು ಅದಕ್ಕಾಗಿ.

ಮೊದಲ ದಿನ ದ್ಯಾಮಣ್ಣನವರು ಎಡಗೈಯಿಂದ ತಮ್ಮ ಬಲಗೈಯನ್ನು ಎತ್ತಿ ತಂದು ನನ್ನ ಮೇಲಿಟ್ಟರು. ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ಒದ್ದೆ ಬಟ್ಟೆ ಹೊದಿಸಿದಂತಾಯಿತು ನನಗೆ. ಆ ಕೈಗೆ ನನ್ನ ಸ್ಪ್ರಿಂಗನ್ನು ಬಾಗಿಸುವ ಬಲವಿರಲಿಲ್ಲ. ನಿರ್ಮಲಾ ಕಂಪ್ಯೂಟರಿನಲ್ಲಿ ಏನೋ ಬದಲಿಸಿದಳು. ನಾನು ಒಂದಿಷ್ಟೇ ಅಲುಗಿದರೂ ವಿಮಾನ ತಿರುಗುವಂತಾಯಿತು. ತಿರುಗಿತು, ಹೊಲಕ್ಕೆ ಹೋಗಿ ಬಿತ್ತು.

ದ್ಯಾಮಣ್ಣನವರು ಮುಖ ಗಂಟಿಕ್ಕಿದರು. ಇಷ್ಟು ವರ್ಷ ಒಂದು ಕುರಿಗೂ ಬಸ್ಸು ತಾಗಿಸಿದವರಲ್ಲ. “ಇನ್ನೊಮ್ಮೆ ಹಚ್ಚು,” ಎಂದರು ಮಗಳಿಗೆ. ಗೇರು ಎಂಬ ಹೆಸರು ಬಂದದ್ದು ಆ ದಿನವೇ. ಘಟ್ಟ ಏರುವ ಬಸ್ಸಿನ ಗೇರನ್ನು ಹಿಡಿದಂತೆ ಅವರು ನನ್ನನ್ನು ಹಿಡಿಯುತ್ತಿದ್ದರು.

ದಿನಗಳು ಹೋದವು. ಕೈಗೆ ತೂಕ ಬಂತು, ಆಮೇಲೆ ಬಿಸಿ ಬಂತು, ಹೆಬ್ಬೆರಳು ನನ್ನ ತಲೆಯ ಮೇಲಿನ ಗುಂಡಿಯನ್ನು ಹುಡುಕತೊಡಗಿತು. ವಿಮಾನ ಈಗ ಹುಬ್ಬಳ್ಳಿಯಿಂದ ಎದ್ದು ಪಡುವಣಕ್ಕೆ ಹೋಗುತ್ತಿತ್ತು. ಅವರಿಗೆ ತಮ್ಮ ರಸ್ತೆಯನ್ನು ಮೇಲಿನಿಂದ ನೋಡುವ ಆಸೆ. ಕಂಪ್ಯೂಟರಿನ ಕಾಡಿನಲ್ಲಿ ಹಸಿರು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆದರೂ ಯಲ್ಲಾಪುರ ಬಂತು, ಇಲ್ಲಿ ಚಹಾಕ್ಕೆ ನಿಲ್ಲಿಸುತ್ತಿದ್ದೆ ಎಂದು ಹೆಂಡತಿ ಶಂಕ್ರವ್ವನಿಗೆ ಹೇಳುತ್ತಿದ್ದರು. ಊಟಕ್ಕೆ ಕೂತಾಗ ರೊಟ್ಟಿಯನ್ನು ಬಲಗೈಯಿಂದ ಮುರಿಯಲು ನೋಡುತ್ತಿದ್ದರು. ಚೂರು ಕೆಳಗೆ ಬೀಳುತ್ತಿತ್ತು, ಮತ್ತೆ ಎತ್ತಿಕೊಳ್ಳುತ್ತಿದ್ದರು.

ಆಗ ನನ್ನೊಳಗೆ ಒಂದು ಸಂಗತಿ ನಡೆಯಿತು. ಎಡಬಲದ ತಿರುಗುಣಿಯನ್ನು ತಿರುಗಿಸುವ ಸಣ್ಣ ಪ್ಲಾಸ್ಟಿಕ್ ತೋಳು ಸಡಿಲವಾಯಿತು. ನಾನು ನೆಟ್ಟಗೆ ನಿಂತಿರುತ್ತಿದ್ದೆ, ತಿರುಗುಣಿ ಮಾತ್ರ ಎಡಕ್ಕೆ ಬಾಗಿದ್ದೇನೆಂದು ಹೇಳುತ್ತಿತ್ತು. ವಿಮಾನ ಎಡಕ್ಕೆ ವಾಲುತ್ತಿತ್ತು. ದ್ಯಾಮಣ್ಣನವರು ಬಲಕ್ಕೆ ಎಳೆಯುತ್ತಿದ್ದರು, ಅದು ಮತ್ತೆ ಎಡಕ್ಕೆ ವಾಲುತ್ತಿತ್ತು. ಮರುದಿನವೂ ಹಾಗೆಯೇ.

ಅವರು ಯಾರಿಗೂ ಹೇಳಲಿಲ್ಲ. ಕೈ ಮತ್ತೆ ಹೋಗುತ್ತಿದೆ ಎಂದುಕೊಂಡರು. ನನ್ನ ಮುಂದೆ ಕೂರುವುದನ್ನು ಬಿಟ್ಟರು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ಎಡಗೈಯಿಂದ ಚಮಚ ಹಿಡಿದರು. ಬಲಗೈ ತೊಡೆಯ ಮೇಲೆ, ಯಾರದೋ ಕೈ ಎಂಬಂತೆ ಬಿದ್ದಿರುತ್ತಿತ್ತು. ನಿರ್ಮಲಾ ಗಾಬರಿಯಾಗಿ ಅವರನ್ನು ದೊಡ್ಡ ಡಾಕ್ಟರರ ಹತ್ತಿರ ಕರೆದೊಯ್ದಳು. ಕೈ ಚೆನ್ನಾಗಿಯೇ ಇದೆ, ಹಿಂದಿಗಿಂತ ಬಲವಾಗಿದೆ ಎಂದರಂತೆ. ಅಪ್ಪ ನಂಬಲಿಲ್ಲ. ಸಮಾಧಾನಕ್ಕೆ ಹಾಗೆ ಹೇಳುತ್ತಾರೆ ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನನಗೆ ಬಾಯಿಲ್ಲ. ಇದ್ದ ಒಂದು ಮಾತೂ ತಪ್ಪಾಗಿ ಹೊರಡುತ್ತಿತ್ತು.

ಒಂದು ಬೆಳಿಗ್ಗೆ ನಿರ್ಮಲಾ, ಅಪ್ಪ ಮನಸ್ಸು ಮಾಡಿದರೆ ಕೂರಲಿ ಎಂದು ಆಟವನ್ನು ತೆರೆದು, ನಡುವೆ ನಿಲ್ಲಿಸಿಟ್ಟು ಆಫೀಸಿಗೆ ಹೋದಳು. ವಿಮಾನ ಆಕಾಶದಲ್ಲಿತ್ತು. ಶಂಕ್ರವ್ವ ಮೇಜು ಒರೆಸುವಾಗ ಅರಿವೆ ಕೀಬೋರ್ಡಿಗೆ ತಾಗಿ ಆಟ ಶುರುವಾಯಿತು, ಅವಳು ಪರದೆ ನೋಡುತ್ತ ನಿಂತಳು. ನಡುಮನೆಯಲ್ಲಿ ಯಾರೂ ನನ್ನನ್ನು ಮುಟ್ಟಿರಲಿಲ್ಲ.

“ರೀ, ಇಲ್ಲಿ ಬರ್ರಿ ಸ್ವಲ್ಪ.”

ದ್ಯಾಮಣ್ಣನವರು ಒಲ್ಲದ ಮನಸ್ಸಿನಿಂದ ಎದ್ದು ಬಂದು ಕುರ್ಚಿಯಲ್ಲಿ ಕೂತರು.

“ಯಾರೂ ಹಿಡದಿಲ್ಲ ನೋಡ್ರಿ. ನಿಮ್ಮ ಕೈ ನಿಮ್ಮ ತೊಡಿ ಮ್ಯಾಲ ಐತಿ. ಮತ್ತ ಇದು ಯಾಕ ವಾಲಾಕತ್ತೈತಿ?”

ಅವರು ನೋಡಿದರು. ವಿಮಾನ ತನ್ನಷ್ಟಕ್ಕೆ ಎಡಕ್ಕೆ ಹೊರಳಿ, ಸುತ್ತಿ, ಕೆಳಗಿಳಿದು, ಬಿತ್ತು. ಶಂಕ್ರವ್ವ ಅರಿವೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. ದ್ಯಾಮಣ್ಣನವರು ತೊಡೆಯ ಮೇಲಿದ್ದ ತಮ್ಮ ಬಲಗೈಯನ್ನು ನೋಡಿಕೊಂಡರು.

“ಗಾಡಿ ಎಡಕ್ಕ ಎಳೀತೈತಿ ಅಂತ ಡಿಪೋದಾಗ ಎಷ್ಟು ಸಲ ಹೇಳೀನಿ ನಾನು. ಡ್ರೈವರ್ ಕೈ ಸರಿ ಇಲ್ಲ ಅಂತ ಯಾರರ ಅಂದಿದ್ರ ಜಗಳಾ ತಗೀತಿದ್ನಿ. ಈಗ ಅದನ್ನ ನಾನ ಅಂದ್ಕೊಂಡು ಕುಂತೀನಿ.”

ಅವರ ಕಣ್ಣು ತುಂಬಿತ್ತು. ಶಂಕ್ರವ್ವ ಅತ್ತ ನೋಡದೆ ಮೇಜು ಒರೆಸಿದಳು.

ಸಂಜೆ ನಿರ್ಮಲಾ ನನ್ನ ವೈರನ್ನು ಕಿತ್ತು ಬೇರೆ ಕಿಂಡಿಗೆ ಚುಚ್ಚಿದಳು. ನನ್ನ ನಡುಮಧ್ಯ ಯಾವುದೆಂದು ಕಂಪ್ಯೂಟರಿಗೆ ಹೊಸದಾಗಿ ಕಲಿಸಿದಳು. ಒಂದಷ್ಟು ಹೊತ್ತು ಸರಿಯಾಯಿತು, ಮತ್ತೆ ವಾಲಿತು. ಬಿಚ್ಚಲೇಬೇಕು ಎಂದರು ಅಪ್ಪ. ನನ್ನನ್ನು ಹಳೆಯ ಪೇಪರಿನ ಮೇಲೆ ಬೋರಲು ಮಲಗಿಸಿದರು. ಸ್ಕ್ರೂಗಳು ಪೀಠದ ರಬ್ಬರ್ ಪಾದಗಳ ಅಡಿಯಲ್ಲಿ ಅಡಗಿದ್ದವು. ಅವನ್ನು ಬಿಚ್ಚಿ, ಸ್ಪ್ರಿಂಗನ್ನು ಹಿಡಿದಿಟ್ಟ ಬಳೆಯನ್ನು ತೆಗೆದ ಕೂಡಲೇ ಸ್ಪ್ರಿಂಗ್ ಹಾರಿ ಬೀರುವಿನ ಕೆಳಗೆ ಹೋಯಿತು. ಶಂಕ್ರವ್ವ ಕಸಬರಿಗೆ ಹಾಕಿ ಎಳೆದುಕೊಟ್ಟಳು.

ಸಡಿಲಾದ ತೋಳನ್ನು ಕಂಡುಹಿಡಿದದ್ದು ನಿರ್ಮಲಾ. ಅಪ್ಪನ ಎಡಗೈ ಹಿಡಿದು ಅದನ್ನು ಮುಟ್ಟಿಸಿದಳು. ಅದು ಗಡಗಡ ಅಲ್ಲಾಡುತ್ತಿತ್ತು. ಹೊಲಿಗೆಯ ದಾರ ಸುತ್ತಿ ಬಿಗಿ ಮಾಡಿ, ಒಂದು ಹನಿ ಅಂಟು ಬಿಟ್ಟು, ಒಣಗಲು ಇಟ್ಟರು.

ಜೋಡಿಸುವುದು ಬಿಚ್ಚಿದಷ್ಟು ಸುಲಭವಿರಲಿಲ್ಲ. ಶಂಕ್ರವ್ವ ಎರಡೂ ಅಂಗೈಗಳಿಂದ ಸ್ಪ್ರಿಂಗನ್ನು ಅದುಮಿ ಹಿಡಿದಳು, ನಿರ್ಮಲಾ ಬಳೆ ತೂರಿಸಿದಳು. ಮುಚ್ಚಿ ನೋಡಿದರೆ ಬೇರೆಯದೇ ತಮಾಷೆ.

“ಬಲಕ್ಕ ಹಾಕಿದ್ರ ಮ್ಯಾಲ ಹೊಂಟೈತಲ್ಲವಾ ಇದು,” ಎಂದರು ದ್ಯಾಮಣ್ಣನವರು.

ಒಳಗಿನ ಎರಡು ವೈರುಗಳು ಅದಲುಬದಲಾಗಿದ್ದವು. ಮತ್ತೆ ಬಿಚ್ಚಿದರು. ಆ ಮನೆಯಲ್ಲಿ ಬಹಳ ದಿನಗಳ ಮೇಲೆ ನಗು ಕೇಳಿದ್ದು ಆಗಲೇ.

ಎರಡನೆಯ ಸಲ ಮುಚ್ಚುವಾಗ ದ್ಯಾಮಣ್ಣನವರು ಸ್ಕ್ರೂಡ್ರೈವರ್ ಕೇಳಿದರು. ನಿರ್ಮಲಾ ಅದನ್ನು ಎಡಗೈಗೆ ಕೊಡಲು ಹೋದಳು. “ಈ ಕೈಗೆ ಕೊಡು,” ಎಂದು ಬಲಗೈ ಚಾಚಿದರು. ಸ್ಕ್ರೂಡ್ರೈವರ್ ಜಾರಿತು. ನನ್ನ ಬೆನ್ನ ಮೇಲೆ ಗೀರು ಬಿತ್ತು. ಮತ್ತೆ ಇಟ್ಟರು, ಮತ್ತೆ ಜಾರಿತು. ತಾಯಿ ಮಗಳು ಪಕ್ಕದಲ್ಲೇ ಕೂತಿದ್ದರು, ಯಾರೂ ಕೈ ನೀಡಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿದ ವಾಸನೆ ಬಂದರೂ ಶಂಕ್ರವ್ವ ಏಳಲಿಲ್ಲ. ಸ್ಕ್ರೂಗಳು ಒಂದೊಂದಾಗಿ ನನ್ನ ಮೈಗೆ ಇಳಿದವು. ಕೊನೆಯದು ಸ್ವಲ್ಪ ಓರೆಯಾಗಿ ಕೂತಿತು, ಆದರೆ ಗಟ್ಟಿಯಾಗಿ ಕೂತಿತು.

ಅಂದು ವಿಮಾನವನ್ನು ಮೇಲಕ್ಕೆ ಒಯ್ದು ಅವರು ನನ್ನಿಂದ ಕೈ ತೆಗೆದರು. ಅದು ನೆಟ್ಟಗೆ ಹೋಯಿತು. ಅದನ್ನು ನೋಡುತ್ತ ಮೂವರೂ ಕೂತರು.

ಮುಂದೆ ಅವರು ಬಲಗೈಯಿಂದಲೇ ಉಂಡರು, ಅಂಗಿಯ ಗುಂಡಿ ಹಾಕಿಕೊಂಡರು. ಬಸ್ಸು ಓಡಿಸುವಷ್ಟು ಬಲ ಮಾತ್ರ ಬರಲಿಲ್ಲ, ಅದು ಅವರಿಗೂ ತಿಳಿದಿತ್ತು. ಸಂಜೆಗಳಲ್ಲಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಹೋಗಿ ಹಳೆಯ ಗೆಳೆಯರೊಡನೆ ಕೂರತೊಡಗಿದರು. ನನ್ನ ಮೇಲೆ ಧೂಳು ಕೂತಿತು. ಅಷ್ಟು ಸಂತೋಷದಿಂದ ನಾನು ಹಿಂದೆಂದೂ ಧೂಳು ಹೊತ್ತಿರಲಿಲ್ಲ. ಕೊನೆಗೊಂದು ದಿನ ಅವರೇ ನನ್ನನ್ನು ಬಗಲಲ್ಲಿಟ್ಟುಕೊಂಡು ಹೋಗಿ ಇರ್ಫಾನರ ವ್ಯಾಯಾಮದ ಕೋಣೆಗೆ ಕೊಟ್ಟುಬಂದರು.

ಈಗ ನನಗೆ ವಯಸ್ಸಾಗಿದೆ. ಇಲ್ಲಿನ ಹೊಸ ಕಂಪ್ಯೂಟರಿಗೆ ನನ್ನ ಭಾಷೆ ತಿಳಿಯಲಿಲ್ಲ. ವೈರು ಬುಡದಲ್ಲಿ ತುಂಡಾದಾಗ ಇರ್ಫಾನ್ ಅದನ್ನು ಕತ್ತರಿಸಿಯೇ ಬಿಟ್ಟರು. ಪರದೆಯಿಲ್ಲದ ಮೇಜಿನ ಮೂಲೆಯಲ್ಲಿದ್ದೇನೆ. ಬಂದವರು ಹಿಡಿದು ಅತ್ತ ಇತ್ತ ಬಾಗಿಸುತ್ತಾರೆ. ವಿಮಾನವಿಲ್ಲದೆಯೂ ಕೈಗಳಿಗೆ ನನ್ನಿಂದ ಕೆಲಸವಿದೆ.

ಮೊನ್ನೆ ನವಲಗುಂದದ ಕಡೆಯ ಕಸ್ತೂರೆವ್ವ ಎಂಬ ಹೆಂಗಸು ಬಂದಿದ್ದರು. ಇಲ್ಲಿ ಮಗಳ ಮನೆಯಲ್ಲಿದ್ದಾರೆ, ಕೈ ಸುಧಾರಿಸುವ ತನಕ ಊರಿಗೆ ಕಳಿಸುವುದಿಲ್ಲವಂತೆ. ಇದು ಮೊದಲು ಏನಾಗಿತ್ತು ಎಂದು ಕೇಳಿದರು. ವಿಮಾನ ನಡೆಸುವುದು ಎಂದರು ಇರ್ಫಾನ್.

“ನವಲಗುಂದ ಯಾವ ಕಡಿಗೆ ಬರತೈತ್ರಿ ಇಲ್ಲಿಂದ?”

ಇರ್ಫಾನ್ ಕಿಟಕಿಯತ್ತ ಕೈ ತೋರಿಸಿದರು. ಕಸ್ತೂರೆವ್ವ ನನ್ನ ಪೀಠವನ್ನು ಕಿಟಕಿಯ ಕಡೆ ತಿರುಗಿಸಿ, ಕಣ್ಣು ಮುಚ್ಚಿ ಹಿಡಿದು ಕೂತರು. ಸ್ವಲ್ಪ ಹೊತ್ತು ನೆಟ್ಟಗೆ ಹಿಡಿದಿದ್ದು, ಆಮೇಲೆ ಮೆಲ್ಲನೆ ಮುಂದಕ್ಕೆ ಒತ್ತಿದರು.

ಮುಂದಕ್ಕೆ ಒತ್ತಿದರೆ ವಿಮಾನ ಕೆಳಗಿಳಿಯುತ್ತದೆ. ಅದು ಅವರಿಗೆ ಯಾರೂ ಹೇಳಿರಲಿಲ್ಲ. ಊರು ಬಂದಿರಬೇಕು.