ಕರೆಂಟ್ ಹೋದಾಗ

ಇಳಕಲ್ಲಿನ ಆ ಓಣಿಯಲ್ಲಿ ಕರೆಂಟ್ ಹೋದರೆ ಎಲ್ಲರೂ ಲೈನ್‌ಮನ್‌ನ ವಂಶವನ್ನೇ ಬೈಯುತ್ತಿದ್ದರು. ಸುಮಾ ಒಬ್ಬಳೇ ಒಳಗೊಳಗೇ ಅವನಿಗೆ ಕೈ ಮುಗಿಯುತ್ತಿದ್ದಳು. ಬಾಯಿ ಬಿಟ್ಟು ಹೇಳಿದ್ದರೆ ಓಣಿಯವರು ಕಸಬರಿಗೆ ಹಿಡಿದು ಬಂದಾರು. ಮನೆಮನೆಗೆ ಪವರ್‌ಲೂಮ್ ಇರುವ ಊರದು. ಕರೆಂಟ್ ಹೋದರೆ ಅನ್ನಕ್ಕೇ ಕಲ್ಲು ಬಿದ್ದ ಹಾಗೆ.

ಆದರೆ ಅವಳ ಗಂಡ ಬಸವಂತ ಮಾತಾಡುತ್ತಿದ್ದುದು ಕರೆಂಟ್ ಹೋದಾಗ ಮಾತ್ರ. ಮದುವೆಯಾದ ಹೊಸತರಲ್ಲಿ ಮನೆಯಲ್ಲಿ ಕೈಮಗ್ಗವಿತ್ತು. ಅವನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತ, ಇವಳು ಪಕ್ಕದಲ್ಲಿ ನೂಲು ಸುತ್ತುತ್ತ, ದಿನವಿಡೀ ಮಾತೇ ಮಾತು. ಪೇಟೆಯ ಸಾಹುಕಾರನ ಕೆಮ್ಮಿನಿಂದ ಹಿಡಿದು ತನ್ನ ಅತ್ತೆಯ ಸೀನಿನ ತನಕ ಎಲ್ಲವನ್ನೂ ಅಣಕಿಸಿ ಅವಳನ್ನು ನಗಿಸುತ್ತಿದ್ದ. ಪವರ್‌ಲೂಮ್ ಬಂತು, ಮಾತು ಹೋಯಿತು. ಆ ಖಡಖಡದಲ್ಲಿ ಕೂಗಿದರೂ ಕೇಳದು. ಚಹಾಕ್ಕೆ ಎರಡು ಬೆರಳು, ಊಟಕ್ಕೆ ಬಾಯಿಗೊಂದು ಸನ್ನೆ, ಮೂಗರ ಸಂಸಾರ. ರಾತ್ರಿಯೋ, ಉಂಡ ಕೈ ಆರುವ ಮೊದಲೇ ಅವನ ಗೊರಕೆ.

ಕರೆಂಟ್ ಹೋದರೆ ಅವನು ಕಿವಿ ತಿಕ್ಕುತ್ತ ಹೊರಬಂದು ಕಟ್ಟೆಯ ಮೇಲೆ ಕೂರುತ್ತಿದ್ದ. ಮೊದಲು ಬಿಸಿಲಿನ ಸುದ್ದಿ, ಆಮೇಲೆ ಎಂದೋ ಬಾದಾಮಿಯ ಕೆರೆಯ ಮೆಟ್ಟಿಲ ಮೇಲೆ ಮಂಗ ಇವಳ ಬುತ್ತಿ ಕಸಿದದ್ದು, ಕೊನೆಗೆ ಯಾರದಾದರೂ ಅಣಕು. ಆ ಹೊತ್ತಿಗಾಗಿ ಸುಮಾಳ ಜೀವ ಹಾತೊರೆಯುತ್ತಿತ್ತು. ದೂರ ಹೋದ ಗಂಡನಿಗಾಗಿ ಹಂಬಲಿಸಿದರೆ ನಾಲ್ಕು ಜನ ಅಯ್ಯೋ ಅಂದಾರು. ಎದುರಿಗೇ ಇರುವವನಿಗಾಗಿ ಹಂಬಲಿಸುತ್ತೇನೆಂದರೆ ಯಾರು ನಂಬುತ್ತಾರೆ?

ಅಂಥದರಲ್ಲಿ ಸೋಲಾರ್‌ನ ಮಾತು ಬಂತು. ಚೊಳಚಗುಡ್ಡದ ತಂಗಿ ತನ್ನ ಮಾಳಿಗೆಯ ಮೇಲೆ ಹಾಕಿಸಿ, "ಅಕ್ಕಾ, ಕರೆಂಟ್ ಹೋಗಿದ್ದೂ ಗೊತ್ತಾಗೂದಿಲ್ಲ ನೋಡು" ಎಂದು ಫೋನಿನಲ್ಲಿ ಹಿಗ್ಗಿದ್ದಳು. ಬಿಲ್ಲಿನ ಹೊರೆ ಇಳಿಯುತ್ತದೆಂದು ಬಸವಂತನಿಗೂ ಆಸೆ. ಮನೆ ಇದ್ದದ್ದು ಸುಮಾಳ ಹೆಸರಿಗೆ. ಸಹಿ ಅವಳದೇ ಬೇಕು. ಅವಳು ಮೊದಲು ಹಪ್ಪಳ ಒಣಗಿಸಲು ಜಾಗವಿಲ್ಲವೆಂದಳು. ಆಮೇಲೆ ಮಂಗಗಳ ನೆಪ ತೆಗೆದಳು. ಅದೂ ಮುಗಿದ ಮೇಲೆ ಅಮಾವಾಸ್ಯೆ. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಅನ್ನುತ್ತಾರೆ. ಇಲ್ಲಿ ಒಲ್ಲದವಳು ಹೆಂಡತಿ, ಅಷ್ಟೇ. ನಿಜ ಕಾರಣ ಹೇಳುವುದಾದರೂ ಹೇಗೆ? ಮಗಳನ್ನು ಮದುವೆ ಮಾಡಿ ಕೊಟ್ಟ ಹೆಂಗಸು, "ನಿಮ್ಮ ಜೋಡಿ ಮಾತಾಡಬೇಕು, ಅದಕ್ಕ ಕರೆಂಟ್ ಹೋಗಬೇಕು" ಎಂದರೆ ಅವನು ನಗುವುದಿಲ್ಲವೇ?

ಕೊನೆಗೆ ಹುನಗುಂದದಿಂದ ಸೋಲಾರ್ ಕೂರಿಸುವ ಆಸಿಫ ಬಂದೇಬಿಟ್ಟ. ಮಾಳಿಗೆ ಅಳೆದು ಅವನು ಕೆಳಗಿಳಿಯುವ ಹೊತ್ತಿಗೆ ಕರೆಂಟ್ ಹೋಯಿತು. ಬಸವಂತ ಬಂದು ಕಟ್ಟೆಯ ಮೇಲೆ ಕೂತ.

"ನನ್ನ ತಂಗಿ ಮನ್ಯಾಗ ಸೋಲಾರ್ ಹಾಕಿಸಿದ ಮ್ಯಾಲ ಕರೆಂಟ್ ಹೋಗಿದ್ದೂ ಗೊತ್ತಾಗೂದಿಲ್ಲಂತ. ಇನ್ ಮ್ಯಾಲ ಹಿಂಗ ಕುಂದ್ರೂದು ಇರೂದಿಲ್ಲಲ್ಲ," ಎಂದಳು ಸುಮಾ. ದನಿ ಸಣ್ಣಗಾಗಿತ್ತು.

"ಯಾಕಿಲ್ರಿ ಅಕ್ಕಾರ?" ಆಸಿಫ ನಕ್ಕ. "ಲೈನಿನ ಕರೆಂಟ್ ಹೋದ್ರ ಇದೂ ತಾನಾಗೇ ಬಂದ್ ಆಗ್ತೈತ್ರಿ. ಇಲ್ಲಾಂದ್ರ ಕಂಬದ ಮ್ಯಾಲ ರಿಪೇರಿ ಮಾಡಾವಗ ಶಾಕ್ ಹೊಡೀತೈತಿ. ನಿಮ್ಮ ತಂಗಿಯಾರು ಬ್ಯಾಟರಿ ಇಟ್ಟಿರಬೇಕು."

ಸುಮಾಳಿಗೆ ಹೋದ ಜೀವ ಬಂದಂತಾಯಿತು. "ಸಹಿ ಎಲ್ಲಿ ಮಾಡ್ಲಿ?" ಎಂದಳು.

ಆಸಿಫ ಪೆನ್ನು ಕೊಟ್ಟು ಬಸವಂತನ ಕಡೆ ತಿರುಗಿದ. "ನಿಮಗೂ ದೊಡ್ಡ ಬ್ಯಾಟರಿ ಹಾಕಿಬಿಡ್ಲೇನ್ರಿ ಅಣ್ಣಾರ? ಮಗ್ಗ ಒಂದ್ ನಿಮಿಷಾನೂ ನಿಲ್ಲೂದಿಲ್ಲ."

ಸುಮಾಳ ಕೈಯ ಪೆನ್ನು ಅಲ್ಲೇ ನಿಂತಿತು. ಯಾವ ನೇಕಾರ ಬೇಡ ಎಂದಾನು?

"ಬ್ಯಾಡ್ರಿ," ಎಂದ ಬಸವಂತ. "ಮಗ್ಗಕ್ಕೂ ಚೂರು ದಮ್ಮ ಬೇಕಲ್ಲ."

ಆಸಿಫ ಬೈಕು ಹತ್ತಿ ಹೋದ ಮೇಲೆ ಅವಳು ಕೇಳಿದಳು: "ಖರೆ ಹೇಳ್ರಿ, ಬ್ಯಾಟರಿ ಯಾಕ ಬ್ಯಾಡಂದ್ರಿ?"

ಅವನು ಕೈಗೆ ಹತ್ತಿದ ನೂಲಿನ ಧೂಳು ತಿಕ್ಕಿದ. "ಕರೆಂಟ್ ಹೋಗೂದನ್ನ ನೀ ಒಬ್ಬಾಕೀನ ಕಾಯ್ತೀ ಅಂತ ತಿಳಿದೀಯೇನು?"

ಸುಮಾಳ ಕಣ್ಣು ತುಂಬಿತು. ಅಷ್ಟರಲ್ಲಿ ಹಾಳು ಕರೆಂಟ್ ಬಂತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಶುರುವಾದವು. ಬಸವಂತ ರೂಢಿಯಂತೆ ಎದ್ದ. ಅವಳು ಅವನ ಅಂಗಿಯ ತುದಿ ಹಿಡಿದು, ಇಷ್ಟು ವರ್ಷ ಬಾಯಿಗೆ ಬಾರದ ಮಾತನ್ನು ಆಡಿಯೇಬಿಟ್ಟಳು: "ಕುಂದರ್ರಿ ಇನ್ನೊಂದಿಷ್ಟ."

ಆ ಸದ್ದಿನಲ್ಲಿ ಅವನಿಗದು ಕೇಳಿಸಿತೋ ಇಲ್ಲವೋ. ಅವನು ಮತ್ತೆ ಕೂತ.