ಕಳುಹಿಸಲಾಗಿದೆ

ಯಾರೋ ಮೈಕ್ರೋವೇವ್‌ನಲ್ಲಿ ಬಂಗುಡೆ ಮೀನು ಬಿಸಿ ಮಾಡಿದ್ದಾರೆ, ಮಣಿಪಾಲದ ಈ ಆಫೀಸಿನ ಮಹಡಿಯಿಡೀ ಅದೇ ವಾಸನೆ, ಬೇರೆ ದಿನವಾದರೆ ಸೋನಿಯಾಗೆ ಹಸಿವಾಗುತ್ತಿತ್ತು, ಇವತ್ತು ಊಟದ ಡಬ್ಬಿ ಬಿಚ್ಚಿಯೇ ಇಲ್ಲ — ಪರದೆಯ ಮೇಲೆ ಸಾಲಿಗೆ ಸಾಲು ಒಂದೇ ಮಾತು, ಸಂದೇಶ ಕಳುಹಿಸಲಾಗಿದೆ, ಕಳುಹಿಸಲಾಗಿದೆ, ಆದರೆ ಕಾಪುವಿನ ಆಸ್ಪತ್ರೆಯ ಲ್ಯಾಬಿನಿಂದ ರತ್ನಾವತಿ ಬೆಳಿಗ್ಗೆಯೇ ಫೋನ್ ಮಾಡಿದ್ದರಲ್ಲ, ಎಂತ ಮೇಡಂ, ರಕ್ತದ ರಿಪೋರ್ಟಿನಲ್ಲಿ ಅಪಾಯ ಉಂಟಾದರೆ ನಿಮ್ಮ ಸಾಫ್ಟ್‌ವೇರಿನಿಂದ ಡಾಕ್ಟರ ಮೊಬೈಲಿಗೆ ಮೆಸೇಜ್ ಹೋಗ್ತಿತ್ತು, ಈ ವಾರ ಒಂದೂ ಇಲ್ಲ, ಅಂಥ ಕೇಸೇ ಬರಲಿಲ್ಲ ಅಂತ ನಾವೂ ಸುಮ್ಮನಿದ್ದೆವು. ಎರರ್ ಬಂದಿದ್ದರೆ ಎಷ್ಟು ಚೆನ್ನಾಗಿತ್ತು, ಎರರ್ ಕೆಂಪಗೆ ಕಿರುಚುತ್ತದೆ, ಹಿಡಿಯಬಹುದು, ಇಲ್ಲಿ ಎಲ್ಲವೂ ಹಸಿರು, ಎಲ್ಲವೂ ಶಾಂತ — ಜಾವಾ ಎಂಬ ಕಂಪ್ಯೂಟರ್ ಭಾಷೆಯ ಇಂಥ ದೊಡ್ಡ ಅಪ್ಲಿಕೇಶನ್ನಿನಲ್ಲಿ ಯಾವ ಕೋಡೂ ತನಗೆ ಬೇಕಾದ್ದನ್ನು ತಾನೇ ಕಟ್ಟಿಕೊಳ್ಳುವುದಿಲ್ಲ, ಸಂದೇಶ ಕಳುಹಿಸುವವನೊಬ್ಬ ಬೇಕು ಎಂದಷ್ಟೇ ಹೇಳುತ್ತದೆ, ಎಲ್ಲವನ್ನೂ ಜೋಡಿಸುವ ಫ್ರೇಮ್‌ವರ್ಕ್ ಯಾರನ್ನೋ ತಂದು ಕೈಗೆ ಕೊಡುತ್ತದೆ, ಬಂದವನು ಯಾರೆಂದು ಕೇಳುವ ಕ್ರಮವೇ ಇಲ್ಲ. ಸೋನಿಯಾ ಕೇಳುತ್ತಾಳೆ, ಓಡುವ ಕೋಡನ್ನು ಆ ಸಾಲಿನಲ್ಲೇ ತಡೆದು ನಿಲ್ಲಿಸುತ್ತಾಳೆ, ಯಾರಪ್ಪಾ ನೀನು, ಬಂದವನ ಹೆಸರು ಕಾಣಿಸುತ್ತದೆ, ಡಮ್ಮಿ. ಬರೇ ಟೆಸ್ಟಿಗೆಂದು ಬರೆದದ್ದು, ಸಂದೇಶ ತೆಗೆದುಕೊಂಡು, ಕಳುಹಿಸಲಾಗಿದೆ ಎಂದು ಬರೆದಿಟ್ಟು, ಎಸೆದುಬಿಡುವಂಥದ್ದು, ಅದರ ನೆತ್ತಿಯ ಮೇಲೆ ಪ್ರೈಮರಿ ಎಂಬ ಗುರುತು, ಅಸಲಿ ಪಕ್ಕದಲ್ಲೇ ಇದ್ದರೂ ಇದನ್ನೇ ಆರಿಸು ಅಂತ, ಹಾಕಿದವನು ಪಕ್ಕದ ಕುರ್ಚಿಯ ರೋನಿ, ಡೆಮೋ ತೋರಿಸುವಾಗ ಡಾಕ್ಟರುಗಳಿಗೆ ಸುಳ್ಳು ಮೆಸೇಜ್ ಹೋಗಬಾರದೆಂದು, ಒಳ್ಳೆಯ ಬುದ್ಧಿಯಿಂದಲೇ, ತೆಗೆಯಲು ಮರೆತಿದ್ದಾನೆ, ಈಗ ಅವನ ಮುಖ ಬಿಳಿಚಿದೆ, ಹೇಳ್ಬೇಡ ಮಾರಾಯ್ತಿ, ನನ್ನ ಕೆಲಸ ಹೋಗ್ತದೆ, ಅಷ್ಟರಲ್ಲಿ ಮ್ಯಾನೇಜರ್ ಬೆಂಜಮಿನ್ ಸರ್ ಹಿಂದೆ ಬಂದು ನಿಂತಾಗಿದೆ, ಮೊದಲು ಸರಿ ಮಾಡಿ, ಆಸ್ಪತ್ರೆಗೆ ನೆಟ್‌ವರ್ಕ್ ತೊಂದರೆ ಅಂತ ನಾನು ಹೇಳ್ತೇನೆ, ಸುಮ್ಮನೆ ಹೆದರಿಸುವುದು ಬೇಡ, ಅಲ್ವಾ ಸೋನಿಯಾ — ಅಲ್ಲ ಸರ್, ಸರಿ ಮಾಡಿದರೆ ಇನ್ನು ಮುಂದಿನ ಮೆಸೇಜು ಹೋಗ್ತದೆ, ಎಸೆದದ್ದು ಹೋಗುವುದಿಲ್ಲ, ಇದನ್ನು ಬಾಯಿಬಿಟ್ಟು ಹೇಳಿದಳೋ ಮನಸ್ಸಿನಲ್ಲೋ, ಗೊತ್ತಿಲ್ಲ, ಫೋನ್ ಆಗಲೇ ಕಿವಿಯಲ್ಲಿದೆ, ರತ್ನಕ್ಕ, ತಪ್ಪು ನಮ್ಮದು, ಈ ವಾರದ ರಿಪೋರ್ಟೆಲ್ಲ ನೀವೇ ಕಣ್ಣಲ್ಲಿ ನೋಡಿ, ಈಗಲೇ, ಫೋನ್ ಇಡಬೇಡಿ.

ಕೀಬೋರ್ಡಿನ ಸದ್ದು, ರತ್ನಾವತಿಯ ಏದುಸಿರು, ಇಬ್ಬರುಂಟು ಮೇಡಂ, ಒಬ್ಬರು ಈಶಪ್ಪ, ವಾರ್ಡಿನಲ್ಲೇ ಇದ್ದಾರೆ, ಡಾಕ್ಟರು ಓಡಿದರು, ಇನ್ನೊಬ್ಬರು ಲಕ್ಕವ್ವ, ಪೊಟ್ಯಾಶಿಯಂ ಸಿಕ್ಕಾಪಟ್ಟೆ ಏರಿದೆ, ಹೃದಯ ನಿಲ್ಲುವಷ್ಟು, ಅಯ್ಯೋ, ಅವರನ್ನು ಬೆಳಿಗ್ಗೆ ಮನೆಗೆ ಕಳುಹಿಸಿ ಆಯಿತಲ್ಲ — ಮನೆ ಎಂದರೆ ಹೆಜಮಾಡಿಯಲ್ಲಿ ಏಳುತ್ತಿರುವ ಯಾವುದೋ ಅಪಾರ್ಟ್‌ಮೆಂಟಿನ ಬುಡದ ತಗಡಿನ ಶೆಡ್ಡು, ಆಂಬುಲೆನ್ಸ್ ಹೊರಟಿತು, ಲ್ಯಾಬಿನ ಇನ್ನೊಂದು ಫೋನಿನಿಂದ ರತ್ನಾವತಿ ಆ ಶೆಡ್ಡಿಗೆ ಕರೆ ಮಾಡುತ್ತಾರೆ, ಸ್ಪೀಕರಿನಲ್ಲಿ ಲಕ್ಕವ್ವನ ಮಗಳು ಸವಿತಾಳ ದನಿ, ಅವ್ವ ಮಲಗ್ಯಾಳ್ರೀ. ಎಬ್ಬಿಸು ಮಗಾ, ಮಾತಾಡಿಸು. ಎಬ್ಬಿಸಾಕತ್ತೇನ್ರೀ, ಏಳವಲ್ಲಳು. ಉಸಿರು ಉಂಟಾ ನೋಡು. ಐತ್ರೀ, ಸಣ್ಣಗ ಐತ್ರೀ. ಬೆಂಜಮಿನ್ ಸರ್ ಕೈಬೀಸಿ ಏನೋ ಹೇಳುತ್ತಿದ್ದಾರೆ, ರೋನಿ ಪ್ರೈಮರಿ ಅಳಿಸಿ ಟೆಸ್ಟ್ ಮಾಡಿದೆ ಎನ್ನುತ್ತಾನೆ, ಮೆಸೇಜು ಹೋಯಿತು ನೋಡು, ನಿಜವಾಗಿ ಹೋಯಿತು, ಫೋನಿನೊಳಗೆ ದೂರದಲ್ಲಿ ಸೈರನ್, ಬಂತ್ರೀ ಗಾಡಿ, ಸವಿತಾ ಅಳುತ್ತಾಳೆ, ಎತ್ತಿಕೊಂಡರಂತೆ, ಉಸಿರು ಇನ್ನೂ ಉಂಟಂತೆ, ಸೋನಿಯಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಳ್ಳುತ್ತಾಳೆ, ತಾನು ಕಂಡೇ ಇಲ್ಲದ ಒಂದು ಚಾಪೆ ಕಣ್ಣೆದುರು, ತಾಯಿಯ ಹೆಗಲ ಮೇಲೆ ಮಗಳ ಕೈ, ಅಲುಗಿಸುತ್ತದೆ, ಹೆಗಲು ಅಲುಗಿ ನಿಲ್ಲುತ್ತದೆ, ಬದುಕಿದ್ದಾಳೆ, ಹೇಳಿದರಲ್ಲ, ಬದುಕಿದ್ದಾಳೆ, ಆ ಕೈ ಮತ್ತೆ ಅಲುಗಿಸುತ್ತದೆ, ಹೆಗಲು ನಿಲ್ಲುತ್ತದೆ, ಆ ಕೈ…