ಊದಿದಂಗ ಮಾಡು

“ಊದಿದಂಗ ಮಾಡು, ಸಾಕು,” ಎಂದ ಸಿದ್ದರಾಮೇಶ್, ರಾಯದುರ್ಗದ ಬ್ಯಾಂಡ್ ಸೆಟ್ಟಿನ ಯಜಮಾನ. ಅವನು ತಂದ ಹೊಸ ಕೀಬೋರ್ಡಿನಲ್ಲಿ ಕ್ಲಾರಿನೆಟ್ಟಿನ ದನಿಯೂ ಇದೆಯಂತೆ. ಕ್ಲಾರಿನೆಟ್ ಊದುವ ಸುಂಕಪ್ಪ ಕೆಂಪು ಕೋಟು ತೊಟ್ಟು, ವಾದ್ಯ ಬಾಯಿಗಿಟ್ಟು, ಕೆನ್ನೆ ಉಬ್ಬಿಸಿಕೊಂಡು ನಡೆದರೆ ಆಯಿತಂತೆ. ಫೋಟೋದಲ್ಲಿ ಚೆನ್ನಾಗಿ ಕಾಣಬೇಕಲ್ಲ! ಹರೆಯದಿಂದ ಊದಿಕೊಂಡು ಬಂದವನಿಗೆ ಇದಕ್ಕಿಂತ ಚಪ್ಪಲಿಯೇಟು ವಾಸಿ.

ಹೊಟ್ಟೆಪಾಡು, ಇದನ್ನೂ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಅದೇ ಹೊತ್ತಿಗೆ ಮಗಳು ನಾಗಲಕ್ಷ್ಮಿಗೆ, ಜೀನ್ಸ್ ಹೊಲಿಯುತ್ತಾ ಕೇಳಲು ಫೋನಿನಲ್ಲಿ ಹಾಡು ಹುಡುಕುವಾಗ, ಎಲ್ಲಿಂದಲೋ ಜಾಝ್ ಎಂಬ ಅಮೆರಿಕದ ಸಂಗೀತ ಸಿಕ್ಕಿತು. “ಅಪ್ಪಾ, ಇದು ನಿನ್ನ ಕ್ಲಾರಿನೆಟ್ ಅಲ್ಲೇನು?” ಎಂದು ಮಿಷನ್ನು ನಿಲ್ಲಿಸಿ ಕೂಗಿದಳು.

ಅವನದೇ ವಾದ್ಯ, ಆದರೆ ಎಂಥ ಮಾತಾಡುತ್ತಿತ್ತು! ಆ ವಾದಕರ ಹೆಸರಿಗೆ ನಾಲಿಗೆ ಹೊರಳದೆ ಸುಂಕಪ್ಪ ತಾನೇ ನಾಮಕರಣ ಮಾಡಿದ. ಜಗಳಕ್ಕೆ ನಿಂತಂತೆ ಊದುವವನು ಗದರಪ್ಪ, ಪಿಸುಮಾತಿನಲ್ಲೇ ಅಳಿಸುವವಳು ಸಣ್ಣಮ್ಮ. ಹಾಡು ಮುಗಿಯಿತು ಅನ್ನುವಲ್ಲೇ ಅವರು ವಾದ್ಯದಲ್ಲೇ ತಮ್ಮ ಮಾತು ಶುರು ಮಾಡುತ್ತಿದ್ದರು. ಒಂದು ವಿಡಿಯೋದಲ್ಲಂತೂ ಬ್ಯಾಂಡಿನವರು ಹೆಣದ ಮುಂದೆ ನಿಧಾನವಾಗಿ ಊದುತ್ತಾ ನಡೆಯುತ್ತಿದ್ದರು, ಸತ್ತವನನ್ನು ಮಾತಾಡಿಸಿ ಕಳಿಸುವವರ ಹಾಗೆ. ನೋಡುತ್ತಾ ಸುಂಕಪ್ಪನಿಗೆ ಸಿಟ್ಟು ನೆತ್ತಿಗೇರಿತು. ಇಷ್ಟೆಲ್ಲ ಬಲ್ಲ ವಾದ್ಯವನ್ನು ಸಿದ್ದರಾಮೇಶನಂಥ ಪುಣ್ಯಾತ್ಮರು ಮೂಗ ಮಾಡಿ ಕೂರಿಸಿದ್ದರಲ್ಲ!

ಆ ವಾರ ಮಡಕಶಿರಾದಲ್ಲಿ ಮದುವೆ. ಮೆರವಣಿಗೆಯ ದಾರಿಯಲ್ಲಿ ದೊಡ್ಡಕ್ಕ ಎಂಬ ಮುದುಕಿಯ ಮನೆ. ಅವಳ ಗಂಡ ಮೊನ್ನೆಯಷ್ಟೇ ತೀರಿಕೊಂಡಿದ್ದ. ಸಾವಿನ ಮನೆಯ ಮುಂದೆ ವಾದ್ಯ ನಿಲ್ಲಿಸಿ ದಾಟುವುದು ವಾಡಿಕೆ. ಕೀಬೋರ್ಡು ನಿಂತಿತು. ಜಗಲಿಯ ಮೇಲೆ ಕೂತಿದ್ದ ದೊಡ್ಡಕ್ಕನನ್ನು ಕಂಡೂ ಕಾಣದವರಂತೆ ಎಲ್ಲರೂ ಮುಖ ತಿರುಗಿಸಿ ನಡೆದರು.

ಇದೂ ಒಂದು ಮರ್ಯಾದೆಯೇ? ಸುಂಕಪ್ಪನ ಮೈ ಉರಿಯಿತು. ನಿಂತ, ಊದಿಯೇಬಿಟ್ಟ. ತಗ್ಗಿನ ಸ್ವರ, ಒಂದೊಂದೇ, ಅವಸರವಿಲ್ಲದೆ.

“ಮದುವೆ ದಿಬ್ಬಣದಾಗೆ ಅಪಶಕುನ!” ಎಂದು ಹೆಣ್ಣಿನ ಕಡೆಯವರು ಬೊಬ್ಬೆ ಹಾಕಿದರು. ಸಿದ್ದರಾಮೇಶ್ ಓಡಿ ಬಂದು ಅವನ ರಟ್ಟೆ ಹಿಡಿದೆಳೆದ. ಸ್ವರ ಅರ್ಧಕ್ಕೇ ತುಂಡಾಯಿತು.

“ತಲಿ ಕೆಟ್ಟೈತೇನು ನಿಂಗ? ನಾಳಿಂದ ಬರಬ್ಯಾಡ!”

“ನಾಳಿಂದ ಯಾಕ್ರಿ? ಕೋಟು ಈಗ್ಲೇ ತಗೊಳ್ರಿ,” ಎಂದು ಸುಂಕಪ್ಪ ಕೋಟು ಬಿಚ್ಚಿ ಕೀಬೋರ್ಡಿನ ಮೇಲೆ ಎಸೆದ. “ಊದಿದಂಗ ಮಾಡಾಕ ಅದಕ್ಕೇ ಹೇಳ್ರಿ.”

ಅಷ್ಟರಲ್ಲಿ ದೊಡ್ಡಕ್ಕ ಜಗಲಿ ಇಳಿದು ಬಂದಳು. ಹೆಣ್ಣುಮಗಳ ಸಂಕಟ ಕೆಣಕಿದೆನೇ? ಬೈದರೆ ಬೈಸಿಕೊಳ್ಳೋಣವೆಂದು ತಲೆ ತಗ್ಗಿಸಿದ.

ಅವಳು ಬೈದದ್ದು ಸಿದ್ದರಾಮೇಶನನ್ನು. “ಅವ್ನ ತಂಟೆ ಬಿಡೋ! ನಮ್ಮೆಜಮಾನ ಹೋದಾಗ್ಲಿಂದ ಎಲ್ರೂ ನನ್ನ ಕಂಡ್ರೆ ಬಾಯಿ ಮುಚ್ಕಂಡು ಹೋಗ್ತಾವ್ರೆ. ಇವನೊಬ್ಬ ಮಾತಾಡುಸ್ದ, ಅದ್ನೂ ನಿಲ್ಲುಸ್ತೀಯಾ?”

ಆಮೇಲೆ ಸುಂಕಪ್ಪನಿಗೆ ಜಗಲಿ ತೋರಿಸಿದಳು. “ಬಾರಪ್ಪ, ಕೂತ್ಕಂಡು ಪೂರ್ತಿ ಹೇಳು.”